ಅಳಿವೆಯಿಂದ ಅಳಿವೆಗೆ ಸೈಕಲ್ ಮೇಲೆ

(ಧಾರವಾಡದಲ್ಲಿ ಸೈಕಲ್ ಆಸಕ್ತರ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ, ಗದಗ, ಹಾವೇರಿಯಿಂದಲೂ ಬಂದಿದ್ದೀರಿ, ಬಹಳ ಖುಷಿಯಾಯಿತು. ನಮ್ಮನೆಯವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಮಾತಿನ ಕೆಲಸ ನನ್ನದು, ರಿಪೇರಿ ಪ್ರಶ್ನೆಗಳಿಗೆ ಉತ್ತರ ಅವರದು ಅಂತ ಮನೆಯಲ್ಲೇ ತೀರ್ಮಾನ ಆಗಿದೆ.

ಮೊದಲು ನೀರಿನ ಮಾತು. ನಮ್ಮ ಸೋಮೇಶ್ವರ ಗುಡಿ ನಿಮಗೆಲ್ಲ ಗೊತ್ತು. ಶಾಲ್ಮಲಾ ಹುಟ್ಟುವುದು ಅಲ್ಲಿ. ಅಲ್ಲಿಂದ ಹೊರಟ ನೀರು ಕಲಘಟಗಿ ಸೀಮೆಯಲ್ಲಿ ಬೇಡ್ತಿ ಸೇರುತ್ತದೆ. ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಧುಮುಕುತ್ತದೆ. ಘಟ್ಟ ಇಳಿದ ಮೇಲೆ ಗಂಗಾವಳಿ ಅನ್ನಿಸಿಕೊಂಡು ಅಂಕೋಲೆಯ ದಕ್ಷಿಣಕ್ಕೆ ಸಮುದ್ರ ಸೇರುತ್ತದೆ. ಅವಳಿ ನಗರದ ಪೂರ್ವಕ್ಕೆ ಬಿದ್ದ ಮಳೆ ಬೆಣ್ಣೆಹಳ್ಳ, ಮಲಪ್ರಭಾ, ಕೃಷ್ಣಾ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಅರಬ್ಬಿ ಸಮುದ್ರದ ಪಾಲು. ಈ ನೀರು ಹೋದ ದಾರಿಯಲ್ಲೇ ನಾವೂ ಇಬ್ಬರು ಸೈಕಲ್ ಮೇಲೆ ಹೋಗಬೇಕು, ಆಮೇಲೆ ಕರಾವಳಿ ಪೂರ್ತಿ ನೋಡಬೇಕು ಅನ್ನುವುದು ನಮ್ಮ ಬಹಳ ದಿನಗಳ ಆಸೆ. ನಾವಿಬ್ಬರೂ ಐವತ್ತು ದಾಟಿದವರು. ಸ್ಪರ್ಧೆಗೆ ಇಳಿದವರಲ್ಲ. ಸಾಮಾನು ಸೈಕಲ್‌ಗೆ ಕಟ್ಟಿಕೊಂಡು, ರಾತ್ರಿ ಸಿಕ್ಕ ಊರಿನಲ್ಲಿ ಉಳಿದು, ಬೆಳಿಗ್ಗೆ ಮತ್ತೆ ಹೊರಡುವವರು.

ಕರಾವಳಿ ಅಂದರೆ ಒಂದು ಕಡೆ ಸಮುದ್ರ, ಅದರ ಪಕ್ಕದಲ್ಲೇ ನೇರ ರಸ್ತೆ, ಸುಮ್ನೆ ತುಳಿಯುತ್ತಾ ಹೋದರಾಯಿತು ಅಂತ ಬಯಲುಸೀಮೆಯ ನಮಗೆ ಅನಿಸುತ್ತದೆ, ಅಲ್ವಾ? ನಕ್ಷೆ ತೆಗೆದು ನೋಡಿ. ಗೋವಾ ಗಡಿಯ ಮಾಜಾಳಿಯಿಂದ ಕೇರಳ ಗಡಿಯ ತಲಪಾಡಿವರೆಗೆ ಸುಮಾರು 300 ಕಿಲೋಮೀಟರ್. ಇಷ್ಟರೊಳಗೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ವೆಂಕಟಾಪುರ ಹೊಳೆ, ಸೌಪರ್ಣಿಕಾ, ಚಕ್ರಾ, ವಾರಾಹಿ, ಸೀತಾ, ಸುವರ್ಣಾ, ಉದ್ಯಾವರ ಹೊಳೆ, ಶಾಂಭವಿ, ನಂದಿನಿ, ಫಲ್ಗುಣಿ, ನೇತ್ರಾವತಿ. ಸಣ್ಣ ಹಳ್ಳಗಳನ್ನು ಹೇಳುತ್ತಿಲ್ಲ. ಹೊಳೆ ಸಮುದ್ರ ಸೇರುವ ಜಾಗಕ್ಕೆ ಅಲ್ಲಿಯವರು ಅಳಿವೆ ಅನ್ನುತ್ತಾರೆ. ಹೆದ್ದಾರಿ 66 ಇವನ್ನೆಲ್ಲ ಸೇತುವೆ ಮೇಲೆ ದಾಟಿಬಿಡುತ್ತದೆ. ಕಾರಿನಲ್ಲಿ ಕೂತವರಿಗೆ ಒಂದು ಸೇತುವೆ ಅಂದರೆ ಅರ್ಧ ನಿಮಿಷ. ಸೈಕಲ್‌ನವರಿಗೆ ಹಾಗಲ್ಲ. ಪ್ರತಿ ಹೊಳೆಯ ಹತ್ತಿರವೂ ಒಂದು ತೀರ್ಮಾನ ಮಾಡಬೇಕು. ಹೆದ್ದಾರಿಯಲ್ಲೇ ದಾಟುವುದೋ, ಪಶ್ಚಿಮಕ್ಕೆ ತಿರುಗಿ ಅಳಿವೆಯವರೆಗೆ ಹೋಗಿ ಅಲ್ಲಿ ದೋಣಿ ಹುಡುಕುವುದೋ?

ಇವತ್ತು ನಾನು ಹೇಳಬೇಕು ಅಂತ ಬಂದದ್ದು ಇದನ್ನೇ. ದಿನದ ಲೆಕ್ಕವನ್ನು ಕಿಲೋಮೀಟರಿಗೆ ಕಟ್ಟಬೇಡಿ, ಅಳಿವೆಗೆ ಕಟ್ಟಿ. ಇವತ್ತು ಈ ಹೊಳೆ, ನಾಳೆ ಆ ಹೊಳೆ ಅಂತ ಇಟ್ಟುಕೊಳ್ಳಿ. ಆಗ ವೇಗದ ಆಸೆ ತಾನಾಗಿಯೇ ಕಡಿಮೆಯಾಗುತ್ತದೆ. ಇಬ್ಬರಲ್ಲಿ ನಿಧಾನ ಇರುವವರಿಗೂ ಪ್ರವಾಸ ಸುಖವಾಗುತ್ತದೆ.

ಘಟ್ಟದ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಕಲಘಟಗಿ, ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಾಟ್. ಇಳಿಜಾರು ಉದ್ದ, ಲಾರಿಗಳು ಜಾಸ್ತಿ. ಸಾಮಾನು ಕಟ್ಟಿದ ಸೈಕಲ್ ಇಳಿಜಾರಿನಲ್ಲಿ ಬೇಗ ಓಡುತ್ತದೆ. ಬ್ರೇಕ್ ಒಂದೇ ಸಮ ಹಿಡಿದರೆ ರಿಮ್ ಕಾಯುತ್ತದೆ, ಟ್ಯೂಬ್ ಒಡೆಯುವ ಸಾಧ್ಯತೆ ಇರುತ್ತದೆ. ಬಿಟ್ಟು ಬಿಟ್ಟು ಹಿಡಿಯಿರಿ. ನಡುವೆ ನಿಂತು ರಿಮ್ ತಣ್ಣಗಾಗಲು ಬಿಡಿ. ಇಬ್ಬರ ನಡುವೆ ಒಳ್ಳೆ ಅಂತರ ಇರಲಿ. ಘಟ್ಟ ಇಳಿಯುತ್ತಾ ಇದ್ದ ಹಾಗೆ ಗಾಳಿಯೇ ಬದಲಾಗುವುದು ಗೊತ್ತಾಗುತ್ತದೆ. ಯಲ್ಲಾಪುರದಲ್ಲಿ ತಂಪಾಗಿದ್ದ ಗಾಳಿ ಕೆಳಗೆ ಬಂದಾಗ ಒದ್ದೆಯಾಗಿ ಮೈಗೆ ಅಂಟಿಕೊಳ್ಳುತ್ತದೆ.

ಈ ಸೆಕೆಯನ್ನು ಅರ್ಥ ಮಾಡಿಕೊಳ್ಳದೆ ಕರಾವಳಿಯಲ್ಲಿ ಸೈಕಲ್ ತುಳಿಯಬಾರದು. ಜನವರಿಯಲ್ಲೂ ಅಲ್ಲಿ ಮಧ್ಯಾಹ್ನ 32-33 ಡಿಗ್ರಿ ಇರುತ್ತದೆ. ಅಷ್ಟೇನಾ, ನಮ್ಮಲ್ಲಿ ಬೇಸಿಗೆಯಲ್ಲಿ ಇನ್ನೂ ಜಾಸ್ತಿ ಇರುತ್ತಲ್ಲ ಅಂತ ನೀವು ಕೇಳಬಹುದು. ವ್ಯತ್ಯಾಸ ಇರುವುದು ಬೆವರಿನಲ್ಲಿ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಮೈಯಿಂದ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಗೆ ಹೋಗುತ್ತದೆ. ನಮ್ಮ ಒಣ ಹವೆಯಲ್ಲಿ ಬೆವರು ಬಂದದ್ದೇ ತಿಳಿಯುವುದಿಲ್ಲ, ಅಷ್ಟು ಬೇಗ ಆರುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನ ಅಂಶ ತುಂಬಿರುತ್ತದೆ. ಬೆವರು ಆರುವುದಿಲ್ಲ, ತೊಟ್ಟಿಕ್ಕುತ್ತದೆ. ಕೆಳಗೆ ಬಿದ್ದ ಬೆವರು ಮೈಯನ್ನು ತಂಪು ಮಾಡಲಿಲ್ಲ. ಆದರೆ ನೀರೂ ಹೋಯಿತು, ಉಪ್ಪೂ ಹೋಯಿತು. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೂ ಅಪಾಯ, ರಕ್ತದಲ್ಲಿ ಉಪ್ಪಿನ ಅಂಶ ಇಳಿಯುತ್ತದೆ. ತಲೆನೋವು, ವಾಕರಿಕೆ, ಮಾತು ತಡವರಿಸುವುದು ಕಂಡರೆ ತಕ್ಷಣ ನಿಲ್ಲಿಸಿ ನೆರಳಿಗೆ ಹೋಗಿ. ಇಂಥ ಹೊತ್ತಿನಲ್ಲಿ ಇಬ್ಬರು ಇರುವುದೇ ದೊಡ್ಡ ಆಸರೆ. ತನ್ನ ಮುಖ ಕೆಂಪಾದದ್ದು ತನಗೆ ಕಾಣುವುದಿಲ್ಲ, ಜೊತೆಗಿರುವವರಿಗೆ ಕಾಣುತ್ತದೆ.

ನಾವು ಅನುಸರಿಸಿದ ಪದ್ಧತಿ ಸರಳ. ಬೆಳಕು ಹರಿಯುವ ಮೊದಲೇ ಎದ್ದು ತಯಾರಾಗುವುದು, ಮಬ್ಬು ಬೆಳಕಿಗೆ ಹೊರಡುವುದು, ಹತ್ತೂವರೆ ಹೊತ್ತಿಗೆ ನಿಲ್ಲಿಸಿಬಿಡುವುದು. ಮಧ್ಯಾಹ್ನ ಕುಚಲಕ್ಕಿ ಗಂಜಿ, ಉಪ್ಪಿನಕಾಯಿ. ಗಂಜಿ ಹೊಟ್ಟೆಗೆ ಹಗುರ, ಅದರಲ್ಲೇ ನೀರು ಇದೆ, ಉಪ್ಪು ಇದೆ, ಶಕ್ತಿ ಇದೆ. ಆ ಸೀಮೆಯ ಜನ ಅದನ್ನು ಯಾಕೆ ತಿನ್ನುತ್ತಾರೆ ಅಂತ ಸೈಕಲ್ ತುಳಿದವರಿಗೆ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಎಳನೀರು, ಮುರುಗಲು (ಕೋಕಂ) ಹಣ್ಣಿನ ಪಾನಕಕ್ಕೆ ಚಿಟಿಕೆ ಉಪ್ಪು. ನಾಲ್ಕರ ಮೇಲೆ ಮತ್ತೆ ಸ್ವಲ್ಪ ದೂರ. ಧಾರವಾಡದಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ದಿದ್ದೆವು. ಹಿಂಡಿ ಕೊನೆಯವರೆಗೂ ಚೆನ್ನಾಗಿತ್ತು. ರೊಟ್ಟಿ ಮಾತ್ರ ಆ ಹವೆಗೆ ಬೇಗ ಮೆತ್ತಗಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಇಟ್ಟುಕೊಳ್ಳಿ.

ಇನ್ನು ಗಾಳಿ. ಹಗಲು ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನ. ನೆಲದ ಮೇಲಿನ ಬಿಸಿ ಗಾಳಿ ಮೇಲೇರಿದಂತೆ ಸಮುದ್ರದಿಂದ ಗಾಳಿ ಒಳಕ್ಕೆ ಬರುತ್ತದೆ. ರಾತ್ರಿ ಇದು ತಿರುವುಮುರುವು. ಹಾಗಾಗಿ ಚಳಿಗಾಲದ ಬೆಳಿಗ್ಗೆ ಘಟ್ಟದ ಕಡೆಯಿಂದ ತೆಳುವಾದ ಗಾಳಿ, ಮಧ್ಯಾಹ್ನದ ಮೇಲೆ ಸಮುದ್ರದ ಜೋರು ಗಾಳಿ. ಆ ಮಧ್ಯಾಹ್ನದ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ಅದಕ್ಕೇ ಉತ್ತರದಿಂದ ದಕ್ಷಿಣಕ್ಕೆ, ಕಾರವಾರದಿಂದ ಮಂಗಳೂರಿನ ಕಡೆ ಹೋದರೆ ಬೆನ್ನಿಗೆ ಸ್ವಲ್ಪ ಸಹಾಯ ಸಿಗುತ್ತದೆ. ನಾವು ಅಂಕೋಲೆಯಿಂದ ಮೊದಲು ಉತ್ತರಕ್ಕೆ ಮಾಜಾಳಿವರೆಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ತಿರುಗಿದ್ದು ಇದೇ ಕಾರಣಕ್ಕೆ.

ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಬಿದ್ದದ್ದು ನಿಮಗೆ ನೆನಪಿರಬಹುದು. ಒಂದು ಲಾರಿ ನದಿಗೆ ಬಿತ್ತು, ಚಾಲಕರನ್ನು ಕಾಪಾಡಿದರು. ಅದಕ್ಕೂ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಂತು. ರಸ್ತೆ ಬದಿಯ ಚಹಾದಂಗಡಿಯವರೂ, ಲಾರಿ ನಿಲ್ಲಿಸಿಕೊಂಡಿದ್ದವರೂ ಜೀವ ಕಳೆದುಕೊಂಡರು. ಮಣ್ಣು ಗಂಗಾವಳಿಯೊಳಕ್ಕೆ ಹೋಯಿತು. ಅದು ಶಾಲ್ಮಲೆಯ ನೀರು ಹರಿಯುವ ಹೊಳೆ. ಆ ಜಾಗದಲ್ಲಿ ನಾವು ಸೈಕಲ್ ಇಳಿದು ನಿಂತೆವು. ಒಂದು ಕಡೆ ಕಡಿದಾಗಿ ಕತ್ತರಿಸಿದ ಕೆಂಪು ಗುಡ್ಡ, ಇನ್ನೊಂದು ಕಡೆ ಹೊಳೆ, ನಡುವೆ ಅಗಲ ರಸ್ತೆ. ವೇಗವಾಗಿ ಹೋಗಲು ಮಾಡಿದ ರಸ್ತೆಯಲ್ಲಿ ನಿಧಾನಕ್ಕೆ ಹೋಗುವವರಿಗೆ ಮಾತ್ರ ಆ ಗುಡ್ಡದ ಕಡಿತ ಎಷ್ಟು ಎತ್ತರ ಇದೆ ಅಂತ ಕಾಣುತ್ತದೆ. ರಸ್ತೆ ಬೇಡ ಅಂತ ನಾನು ಹೇಳುವುದಿಲ್ಲ. ಗುಡ್ಡವನ್ನು ಹೇಗೆ ಕಡಿಯಬೇಕು, ಮಳೆ ನೀರಿಗೆ ಎಲ್ಲಿ ದಾರಿ ಬಿಡಬೇಕು ಅನ್ನುವುದು ಜನರ ಜೀವದ ಪ್ರಶ್ನೆ. ಇದನ್ನು ಎಲ್ಲೇ ಮಾತಾಡಿದರೂ ಹೇಳುತ್ತೇನೆ.

ಈಗ ನನಗೆ ಅತಿ ಪ್ರೀತಿಯ ಅಳಿವೆಗೆ ಬರುತ್ತೇನೆ. ಅಘನಾಶಿನಿ.

ಅಂಕೋಲಾದಿಂದ ಕುಮಟೆಗೆ ಹೆದ್ದಾರಿ ಹಿಡಿದರೆ ಬೇಗ ಮುಗಿದುಹೋಗುತ್ತದೆ. ಹಾಗೆ ಮಾಡಬೇಡಿ. ಗೋಕರ್ಣದ ಕಡೆ ತಿರುಗಿ. ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳು ಸಿಗುತ್ತವೆ. ಸಮುದ್ರದ ನೀರನ್ನು ಸಣ್ಣ ಸಣ್ಣ ಮಡಿಗಳಿಗೆ ಬಿಟ್ಟು, ಬಿಸಿಲಿಗೆ ಆರಿಸಿ, ಹಲಗೆಯಲ್ಲಿ ಎಳೆದು ಗುಡ್ಡೆ ಹಾಕುತ್ತಾರೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲೆ ಇಲ್ಲಿಂದ ದೂರವಿಲ್ಲ. ಆ ಬಿಸಿಲಿನಲ್ಲಿ ನಿಂತು ಕೆಲಸ ಮಾಡುವವರನ್ನು ನೋಡಿದ ಮೇಲೆ ಹತ್ತು ರೂಪಾಯಿ ಉಪ್ಪಿನ ಪೊಟ್ಟಣ ಹಗುರವಾಗಿ ಕಾಣುವುದಿಲ್ಲ.

ಅಲ್ಲಿಂದ ತದಡಿ. ಮೀನುಗಾರಿಕೆ ದಕ್ಕೆ, ಅಂದರೆ ದೋಣಿಗಳು ನಿಲ್ಲುವ ಕಟ್ಟೆ ಇದೆ. ಎದುರಿಗೆ, ಹೊಳೆಯ ಆಚೆ, ಅಘನಾಶಿನಿ ಅನ್ನುವ ಊರೇ ಇದೆ. ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಬಹಳ ದೂರ, ನೀರಿನ ಮೇಲೆ ಕೆಲವೇ ನಿಮಿಷ. ಬೈಕ್‌ಗಳನ್ನೂ ಹತ್ತಿಸಿಕೊಳ್ಳುವ ದೋಣಿ ಅದು, ಸೈಕಲ್‌ಗೆ ಏನೂ ತೊಂದರೆ ಇಲ್ಲ. ಶಾಲೆ ಮಕ್ಕಳು, ಮೀನಿನ ಬುಟ್ಟಿಯ ಹೆಂಗಸರು, ನಾವು. ನಡು ಹೊಳೆಯಲ್ಲಿ ಒಬ್ಬ ಅಜ್ಜಿ ನನ್ನನ್ನು ಎಲ್ಲಿಂದ ಬಂದಿರಿ ಅಂತ ಕೇಳಿದರು. ಧಾರವಾಡ ಅಂದೆ. ಸೈಕಲ್ ಮೇಲಾ ಅಂತ ಮತ್ತೆ ಕೇಳಿದರು. ಹೌದು ಅಂದೆ. ಅವರು ನಮ್ಮನೆಯವರ ಕಡೆ ತಿರುಗಿ, ‘ಅವಳನ್ನ ಜೋರಾಗಿ ಓಡಿಸಬೇಡಿ’ ಅಂದರು. ಆ ಮಾತು ಪ್ರವಾಸ ಪೂರ್ತಿ ನಮ್ಮ ಕಾಯಿದೆಯೇ ಆಯಿತು.

ಈ ಹೊಳೆ ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಎಲ್ಲೂ ದೊಡ್ಡ ಅಣೆಕಟ್ಟಿನ ತಡೆ ಇಲ್ಲದೆ ಸಮುದ್ರ ಸೇರುತ್ತದೆ. ಕಾಡಿನ ಮಣ್ಣು, ಸತ್ವ ಎಲ್ಲ ಕೆಳಗೆ ಬರುತ್ತದೆ. ಉಬ್ಬರದಲ್ಲಿ ಉಪ್ಪು ನೀರು ಒಳಗೆ, ಇಳಿತದಲ್ಲಿ ಸಿಹಿ ನೀರು ಹೊರಗೆ. ಈ ಮಿಶ್ರಣದಲ್ಲೇ ಮೀನು, ಸಿಗಡಿ, ಬಳಚು ಅನ್ನುವ ಚಿಪ್ಪುಜೀವಿ ಬೆಳೆಯುತ್ತವೆ. ನೀರು ಇಳಿದಾಗ ಹೆಂಗಸರು, ಗಂಡಸರು ಕೆಸರಿನಲ್ಲಿ ಬಗ್ಗಿ ಬಳಚು ಆರಿಸುವುದನ್ನು ದಡದಿಂದಲೇ ನೋಡಬಹುದು. ಹೊಳೆ ಬದಿಯ ಗಜನಿ ಅನ್ನುವ ತಗ್ಗು ಗದ್ದೆಗಳಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಉಪ್ಪು ನೀರು ನುಗ್ಗಿದರೂ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಬದುಕುವ ತಳಿ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಸಮುದ್ರಮಟ್ಟ ಏರುತ್ತಿರುವ ಈ ಕಾಲದಲ್ಲಿ ಇಂಥ ಭತ್ತ ಉಳಿಯಲೇಬೇಕು ಅಂತ ನನಗೆ ಅನಿಸುತ್ತದೆ. ಗದಗದವರಿಗೆ ಒಂದು ಸಂತೋಷದ ಸಂಗತಿ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದಾಗ, ಅದರ ಜೊತೆಗೇ ನಿಮ್ಮ ಜಿಲ್ಲೆಯ ಮಾಗಡಿ ಕೆರೆಯೂ ಸೇರಿತು. ಪಟ್ಟೆ ತಲೆಯ ಹೆಬ್ಬಾತುಗಳು ಬರುವ ಕೆರೆ. ಮುಂದಿನ ಚಳಿಗಾಲದಲ್ಲಿ ಮೊದಲು ಆ ಕೆರೆಗೆ ಸೈಕಲ್ ಮೇಲೆ ಹೋಗಿ ಬನ್ನಿ. ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆ ದಾರಿ ಇಲ್ಲ.

ಹೊನ್ನಾವರದ ಶರಾವತಿ ಸೇತುವೆ, ಪಕ್ಕದಲ್ಲಿ ಎರಡು ಕಿಲೋಮೀಟರ್‌ಗಿಂತ ಉದ್ದದ ಕೊಂಕಣ ರೈಲಿನ ಸೇತುವೆ, ಕಾಸರಕೋಡಿನ ಗಾಳಿಮರದ ತೋಪು, ಮುರ್ಡೇಶ್ವರ, ಭಟ್ಕಳ. ಇವು ಎಲ್ಲರಿಗೂ ಗೊತ್ತಿರುವ ಜಾಗ, ನಾನು ವಿಸ್ತರಿಸುವುದಿಲ್ಲ. ಈ ಭಾಗದಲ್ಲಿ ಹೆದ್ದಾರಿ ಬಿಟ್ಟರೆ ಬೇರೆ ದಾರಿ ಕಡಿಮೆ. ಬೆಳಗಿನ ಹೊತ್ತೇ ಮುಗಿಸಿಕೊಳ್ಳಿ. ಹಿಂಬದಿಗೆ ಕೆಂಪು ದೀಪ ಹಗಲಲ್ಲೂ ಉರಿಯಲಿ.

ಉಡುಪಿ ಜಿಲ್ಲೆಗೆ ಬಂದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಅಲ್ಲಿ ಹೊಳೆಗಳು ನೇರವಾಗಿ ಸಮುದ್ರಕ್ಕೆ ಬೀಳುವುದಿಲ್ಲ. ಅಲೆಗಳು ದಡದ ಉದ್ದಕ್ಕೂ ಮರಳನ್ನು ಸಾಗಿಸಿ ಉದ್ದನೆಯ ಮರಳು ದಿಬ್ಬ ಕಟ್ಟುತ್ತವೆ. ಹೊಳೆ ಆ ದಿಬ್ಬದ ಹಿಂದೆಯೇ ದಡಕ್ಕೆ ಸಮಾನಾಂತರವಾಗಿ ಹರಿದು, ಇನ್ನೊಂದು ಹೊಳೆಯನ್ನು ಕೂಡಿಕೊಂಡು, ಆಮೇಲೆ ಹೊರಗೆ ದಾರಿ ಮಾಡಿಕೊಳ್ಳುತ್ತದೆ. ಮರವಂತೆಯಲ್ಲಿ ಸೌಪರ್ಣಿಕಾ ಸಮುದ್ರಕ್ಕೆ ಒಂದು ರಸ್ತೆಯಷ್ಟು ಹತ್ತಿರ ಬಂದು, ಸೇರದೆ ಹಿಂದಕ್ಕೆ ತಿರುಗುತ್ತದೆ. ಕೊನೆಗೆ ಗಂಗೊಳ್ಳಿಯಲ್ಲಿ ಇತರ ಹೊಳೆಗಳ ಜೊತೆ ಪಂಚಗಂಗಾವಳಿಯಾಗಿ ಹೊರಗೆ ಹೋಗುತ್ತದೆ. ಕೋಡಿಬೆಂಗ್ರೆಯಲ್ಲಿ ಸೀತಾ, ಸುವರ್ಣಾ ಎರಡಕ್ಕೂ ಒಂದೇ ಅಳಿವೆ. ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ. ಮಂಗಳೂರಿನಲ್ಲಿ ಫಲ್ಗುಣಿ, ನೇತ್ರಾವತಿ. ನಕ್ಷೆಯಲ್ಲಿ ಇದನ್ನು ಎಷ್ಟೋ ಸಲ ನೋಡಿರುತ್ತೇವೆ. ತುಳಿದಾಗ ತಿಳಿಯುವುದೇ ಬೇರೆ.

ಈ ದಿಬ್ಬಗಳ ಮೇಲೆ ಸಣ್ಣ ರಸ್ತೆಗಳಿವೆ, ಸೈಕಲ್‌ನವರಿಗೆ ಇದೇ ಸ್ವರ್ಗ. ಹಂಗಾರಕಟ್ಟೆಯಿಂದ ಕೋಡಿಬೆಂಗ್ರೆಗೆ ದೋಣಿ. ಅಲ್ಲಿಂದ ದಕ್ಷಿಣಕ್ಕೆ ಹೂಡೆಯವರೆಗೆ, ಬಲಕ್ಕೆ ಸಮುದ್ರ, ಎಡಕ್ಕೆ ಸುವರ್ಣಾ, ನಡುವೆ ತೆಂಗಿನ ತೋಟ, ಮನೆಗಳು, ಅಂಗಳದಲ್ಲಿ ಬಲೆ. ಮಲ್ಪೆ ದಾಟಿ ಪಡುಕೆರೆ ಸೇತುವೆ ಹತ್ತಿ ಮಟ್ಟು, ಕಾಪು ಕಡೆಗೆ ಇನ್ನೊಂದು ಅಂಥದೇ ರಸ್ತೆ. ಅದರ ಕೊನೆಗೆ 1901ರ ಕಾಪು ದೀಪಸ್ತಂಭ. ಮಟ್ಟುವಿನಲ್ಲಿ ಗುಳ್ಳ ಬದನೆಯ ಹೊಲಗಳ ನಡುವೆ ಹಾದುಹೋಗುವಾಗ ಒಬ್ಬ ರೈತರು ನಮ್ಮನ್ನು ನಿಲ್ಲಿಸಿ, ಮನೆಗೆ ಕರೆದು, ಮಜ್ಜಿಗೆ ಕೊಟ್ಟರು. ನಮ್ಮ ಕಡೆಯ ಮುಳಗಾಯಿಯ, ಅಂದರೆ ಬದನೆಯ ವಿಷಯ ಮಾತಾಡಿ ಅರ್ಧ ಬೆಳಗು ಕಳೆದೆವು. ಹೆದ್ದಾರಿಯಲ್ಲಿ ಹೋಗಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ.

ಈಗ ಇಬ್ಬರ ವಿಷಯ. ಅವರು ನನಗಿಂತ ಜೋರು ತುಳಿಯುತ್ತಾರೆ. ಅದಕ್ಕೆ ಪರಿಹಾರ ತೂಕ. ಟೆಂಟು, ಹತ್ಯಾರು, ಅಡುಗೆ ಸಾಮಾನು ಅವರ ಸೈಕಲ್ ಮೇಲೆ. ಬಟ್ಟೆ, ಔಷಧಿ, ತಿನಿಸು ನನ್ನದರ ಮೇಲೆ. ಹೀಗೆ ಹಂಚಿದರೆ ವೇಗ ತಾನಾಗಿ ಸಮ ಆಗುತ್ತದೆ. ಹೆದ್ದಾರಿಯಲ್ಲಿ ನಾನು ಮುಂದೆ, ಅವರು ಹಿಂದೆ. ನಿಧಾನ ಇರುವವರು ಮುಂದೆ ಇದ್ದರೆ ಯಾರೂ ಹಿಂದೆ ಉಳಿಯುವುದಿಲ್ಲ. ಎದುರು ಗಾಳಿ ಜೋರಿದ್ದಾಗ ಮಾತ್ರ ಅವರು ಮುಂದೆ ಬಂದು ಗಾಳಿ ತಡೆಯುತ್ತಿದ್ದರು. ‘ನಿಲ್ಲೋಣ’ ಅಂತ ಒಬ್ಬರು ಹೇಳಿದರೆ ಇನ್ನೊಬ್ಬರು ಕಾರಣ ಕೇಳಬಾರದು. ಈ ಒಂದು ಒಪ್ಪಂದದಿಂದ ಎಷ್ಟೋ ಜಗಳ ತಪ್ಪಿದವು.

ಹೆಣ್ಣುಮಕ್ಕಳಿಗೆ ನೇರವಾಗಿ ಹೇಳುತ್ತೇನೆ. ಶೌಚಾಲಯದ ಚಿಂತೆಯಿಂದ ನೀರು ಕುಡಿಯದೆ ತುಳಿಯುವುದು ಆ ಸೆಕೆಯಲ್ಲಿ ಬಹಳ ಅಪಾಯ. ಪೆಟ್ರೋಲ್ ಬಂಕ್, ಬಸ್ ನಿಲ್ದಾಣ, ಊಟದ ಹೋಟೆಲ್ ಎಲ್ಲೆಲ್ಲಿ ಇವೆ ಅಂತ ಹಿಂದಿನ ರಾತ್ರಿಯೇ ನೋಡಿಟ್ಟುಕೊಳ್ಳಿ. ಒಳರಸ್ತೆಗಳಲ್ಲಿ ನಾನು ಮನೆಗಳನ್ನೇ ಕೇಳಿದೆ. ಒಬ್ಬರೂ ಇಲ್ಲ ಅನ್ನಲಿಲ್ಲ. ಒಂದು ಊರಿನ ಲಾಡ್ಜಿನಲ್ಲಿ ಸೈಕಲ್ ಒಳಗೆ ತರಬಾರದು ಅಂತ ಹಟ ಹಿಡಿದಾಗ ಪಕ್ಕದ ದಿನಸಿ ಅಂಗಡಿಯವರು ತಮ್ಮ ಗೋಡೌನಿನಲ್ಲಿ ಇಡಿಸಿಕೊಂಡರು. ಅವರಿಗೆ ಇವತ್ತೂ ಹಬ್ಬಕ್ಕೆ ಪೇಢೆ ಕಳಿಸುತ್ತೇವೆ.

ಸೈಕಲ್‌ಗೆ ಶತ್ರು ಉಪ್ಪು. ಒಂದೇ ರಾತ್ರಿಯಲ್ಲಿ ಚೈನಿನ ಮೇಲೆ ಕೆಂಪು ಪುಡಿ ಕಾಣಿಸುತ್ತದೆ. ದಿನಾ ಸಂಜೆ ಸಿಹಿ ನೀರಿನಿಂದ ತೊಳೆದು, ಒರೆಸಿ, ಎಣ್ಣೆ ಬಿಡಬೇಕು. ಜಾಸ್ತಿ ಎಣ್ಣೆ ಬಿಟ್ಟರೆ ಮರಳು ಅಂಟುತ್ತದೆ, ಹಾಗಾಗಿ ಹನಿ ಹನಿ ಬಿಟ್ಟು ಹೊರಗಿನದನ್ನು ಒರೆಸಿಬಿಡಿ. ಭಾರ ಹೊತ್ತ ಸೈಕಲ್‌ನಲ್ಲಿ ಹಿಂದಿನ ಚಕ್ರದ ಚೈನ್ ಬದಿಯ ಕಡ್ಡಿಗಳ ಮೇಲೆ ಒತ್ತಡ ಜಾಸ್ತಿ, ಅದೇ ಅಳತೆಯ ಕಡ್ಡಿಗಳನ್ನು ಜೊತೆಗೆ ಒಯ್ಯಿರಿ. ಟೈರ್ ಸ್ವಲ್ಪ ಅಗಲ ಇರಲಿ.

ಮಾತಿನ ನಂತರ ಬಂದ ಕೆಲವು ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ.

ದುಬಾರಿ ಸೈಕಲ್ ಬೇಕಾ ಅಂತ ಒಬ್ಬ ಹುಡುಗ ಕೇಳಿದ. ಬೇಡ. 1923ರಲ್ಲಿ ಮುಂಬಯಿಯಿಂದ ಸೈಕಲ್ ಮೇಲೆ ಹೊರಟ ಯುವಕರಲ್ಲಿ ಅದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಮ್‌ಗಾರಾ ಜಗತ್ತು ಸುತ್ತಿ 1928ರಲ್ಲಿ ವಾಪಸ್ ಬಂದರು. ಇವತ್ತಿನ ಹಗುರ ಚೌಕಟ್ಟು, ಮೊಬೈಲ್ ನಕ್ಷೆ ಯಾವುದೂ ಅವರ ಹತ್ತಿರ ಇರಲಿಲ್ಲ. ನಿಮ್ಮ ಎತ್ತರಕ್ಕೆ ಹೊಂದುವ ಸೈಕಲ್, ಒಳ್ಳೆ ಬ್ರೇಕ್, ಏರಿಗೆ ಒಂದು ಹಗುರ ಗೇರ್ ಇದ್ದರೆ ಸಾಕು.

ಹಾವೇರಿಯಿಂದ ಬಂದ ದಂಪತಿ ತಮ್ಮ ದಾರಿ ಕೇಳಿದರು. ನೀವು ಶಿರಸಿಗೆ ಹೋಗಿ ದೇವಿಮನೆ ಘಟ್ಟ ಇಳಿದು ಕುಮಟೆ ಸೇರಬಹುದು. ಆ ರಸ್ತೆಯಲ್ಲಿ ಕಾಮಗಾರಿಗೆ ಆಗಾಗ ಸಂಚಾರ ನಿಲ್ಲಿಸುತ್ತಾರೆ, ವಿಚಾರಿಸಿಕೊಂಡು ಹೊರಡಿ. ವಾಪಸ್ ಬರಲು ಮಂಗಳೂರಿನಿಂದ ವಿಜಯಪುರದ ರೈಲು ಇದೆ. ಅದು ಹಾವೇರಿ, ಹುಬ್ಬಳ್ಳಿ, ಗದಗ ಮೂರನ್ನೂ ಹಾದುಹೋಗುತ್ತದೆ. ಸೈಕಲ್‌ಗಳನ್ನು ಬ್ರೇಕ್ ವ್ಯಾನಿಗೆ, ಅಂದರೆ ರೈಲಿನ ಸಾಮಾನು ಡಬ್ಬಿಗೆ ಬುಕ್ ಮಾಡಬೇಕು, ಅದಕ್ಕೆ ಸಾಕಷ್ಟು ಮೊದಲೇ ನಿಲ್ದಾಣಕ್ಕೆ ಹೋಗಿ. ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ ಕಟ್ಟಿದರೆ ಪೆಟ್ಟು ಬೀಳುವುದು ಕಡಿಮೆ.

ಯಾವ ತಿಂಗಳು ಅನ್ನುವ ಪ್ರಶ್ನೆಗೆ ಉತ್ತರ ಡಿಸೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ. ಮಾರ್ಚ್ ಆದಮೇಲೆ ಸೆಕೆ ತಡೆಯುವುದು ಕಷ್ಟ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಆ ಹೊತ್ತಿನ ಕಡಲು, ಘಟ್ಟದ ಮಳೆ ಎರಡೂ ಸೈಕಲ್‌ಗೆ ಅಲ್ಲ.

ಕೊನೆಗೆ ಒಬ್ಬರು, ನಮಗೆ ಎರಡೇ ದಿನ ರಜೆ ಇದೆ, ಎಲ್ಲಿಗೆ ಹೋಗೋಣ ಅಂದರು. ಅಂಕೋಲೆವರೆಗೆ ಬಸ್ಸಿನಲ್ಲಿ ಸೈಕಲ್ ಒಯ್ಯಿರಿ. ಮೊದಲ ದಿನ ಗೋಕರ್ಣ, ಸಾಣಿಕಟ್ಟೆ. ಎರಡನೆಯ ದಿನ ತದಡಿಯಲ್ಲಿ ಹೊಳೆ ದಾಟಿ ಕುಮಟೆ, ಆಗುವುದಾದರೆ ಹೊನ್ನಾವರ. ದೋಣಿಯ ಸಮಯವನ್ನು ಹಿಂದಿನ ಸಂಜೆಯೇ ದಕ್ಕೆಯಲ್ಲಿ ಕೇಳಿಟ್ಟುಕೊಳ್ಳಿ, ಮತ್ತು ಮೊದಲ ದೋಣಿಗೇ ಹೋಗಿ.